ಮಡಿಕೇರಿ, ವಿರಾಜಪೇಟೆಯಲ್ಲಿ ಮೂರನೆಯವರಿಗೆ ಹಾಕಿದ ಓಟು: ದಂಡವೋ, ಲೆಕ್ಕಕ್ಕೆ ಬರುತ್ತದೋ?

(ಇದೊಂದು ಚರ್ಚೆ; ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು.)

ಹಾರಂಗಿ ಬಲದಂಡೆ

2023ರ ವಿಧಾನಸಭಾ ಚುನಾವಣೆಯಲ್ಲಿ ಕೊಡಗು ಜಿಲ್ಲೆಯ ಎರಡೂ ಕ್ಷೇತ್ರದಲ್ಲಿ ಬಿಗಿ ಪೈಪೋಟಿ. ಮಡಿಕೇರಿಯಲ್ಲಿ ಕಾಂಗ್ರೆಸ್‌ನ ಮಂತರ್ ಗೌಡರಿಗೆ 84,879, ಬಿಜೆಪಿಯ ಅಪ್ಪಚ್ಚು ರಂಜನ್ ಅವರಿಗೆ 80,477, ಅಂತರ 4,402. ವಿರಾಜಪೇಟೆಯಲ್ಲಿ ಕಾಂಗ್ರೆಸ್‌ನ ಎ.ಎಸ್. ಪೊನ್ನಣ್ಣ ಅವರು ಬಿಜೆಪಿಯ ಕೆ.ಜಿ. ಬೋಪಯ್ಯ ಅವರನ್ನು 4,291 ಮತದಿಂದ ಸೋಲಿಸಿದರು. ಅಂತರ ಇಷ್ಟು ಸಣ್ಣದಾದರೆ ಬಸ್ ಸ್ಟ್ಯಾಂಡಿನಿಂದ ಸಂತೆಯವರೆಗೆ ಒಂದೇ ಮಾತು: ಕಾಂಗ್ರೆಸ್, ಬಿಜೆಪಿ ಬಿಟ್ಟು ಬೇರೆಯವರಿಗೆ ಹಾಕಿದರೆ ಓಟು ದಂಡ, ಅಥವಾ ಅದು ಬೇಡದವನನ್ನೇ ಗೆಲ್ಲಿಸುತ್ತದೆ. ಬೈಗುಳ ಬೇಡ, ಲೆಕ್ಕ ಬೇಕು. ಮೂರನೆಯವರಿಗೆ ಬೀಳುವ ಮತ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ? ಪಕ್ಷೇತರರೊಬ್ಬರು ನಿಲ್ಲಬೇಕೆಂದರೆ ಕಾಗದಪತ್ರದಲ್ಲಿ ಏನೇನು ಎಡವಟ್ಟಾಗುತ್ತದೆ?

ಕರಿಮೆಣಸು

ಎಂತ ಮಾರಾಯ್ರೇ, ಮೂರನೆಯವನ ಮತ ಗೆಲುವಿನ ಅಂತರಕ್ಕಿಂತ ಹೆಚ್ಚು ಎಂದ ಕೂಡಲೇ ಅವನೇ ಸೋಲಿಸಿದ ಎನ್ನುವುದು ಅರ್ಧ ಲೆಕ್ಕ. ವಿರಾಜಪೇಟೆಯ 4,291ನ್ನೇ ಹಿಡಿಯಿರಿ. ಮೂರನೆಯ ಅಭ್ಯರ್ಥಿ ಒಬ್ಬನಿಗೆ 8,000 ಬಿತ್ತು ಎಂದಿಟ್ಟುಕೊಳ್ಳಿ (ಲೆಕ್ಕ ತೋರಿಸಲು ಇಟ್ಟ ಅಂಕಿ, ನಿಜದ್ದಲ್ಲ). ಅವನು ನಿಲ್ಲದೇ ಇದ್ದಿದ್ದರೆ ಫಲಿತಾಂಶ ತಿರುಗಲು ಆ 8,000ದಲ್ಲಿ ಕನಿಷ್ಠ 6,146 ಮತ ಸೋತವರಿಗೇ ಹೋಗಬೇಕಿತ್ತು. ಉಳಿದ 1,854 ಗೆದ್ದವರಿಗೆ ಹೋದರೆ ವ್ಯತ್ಯಾಸ 4,292, ಅಂದರೆ ಒಂದು ಮತದ ಗೆಲುವು. ನೂರಕ್ಕೆ 77 ಜನ ಒಂದೇ ಕಡೆ ವಾಲಬೇಕು.

ಅದೂ ಎಲ್ಲರೂ ಬೂತಿಗೆ ಬಂದಿದ್ದರೆ. ಅವರಲ್ಲಿ 2,000 ಮಂದಿ "ನಮ್ಮವನಿಲ್ಲ, ಹೋಗುವುದೇ ಬೇಡ" ಎಂದು ಮನೆಯಲ್ಲೇ ಉಳಿದಿದ್ದರೆ, ಬಾಕಿ 6,000ದಲ್ಲಿ 5,146 ಒಂದೇ ಕಡೆ ಬೀಳಬೇಕು. ನೂರಕ್ಕೆ 86.

ಸೂತ್ರ ಇಷ್ಟೇ: ಮೂರನೆಯವನ ಮತಕ್ಕೆ ಅಂತರ ಕೂಡಿಸಿ, ಎರಡರಿಂದ ಭಾಗಿಸಿ. ಬಂದ ಸಂಖ್ಯೆಗಿಂತ ಹೆಚ್ಚು ಮತ ಸೋತವರ ಕಡೆ ಹೋಗುತ್ತಿತ್ತೇ ಎಂದು ಕೇಳಿಕೊಳ್ಳಿ. ಒಂದೇ ಜಾತಿ ಅಥವಾ ಒಂದೇ ಪಕ್ಷದಿಂದ ಬಂಡಾಯ ಎದ್ದು ನಿಂತವರ ವಿಷಯದಲ್ಲಿ ಮಾತ್ರ ಇದಕ್ಕೆ "ಹೌದು" ಎನ್ನುವ ಧೈರ್ಯ ಬರುತ್ತದೆ.

ಕಿತ್ತಳೆ ಸಿಪ್ಪೆ

ಕರಿಮೆಣಸು ಹೇಳಿದ್ದಕ್ಕೆ ನಮ್ಮ ಲೋಕಸಭಾ ಕ್ಷೇತ್ರದಲ್ಲೇ ಸಾಕ್ಷಿ ಇದೆ. 2014ರಲ್ಲಿ ಮೈಸೂರು ಕ್ಷೇತ್ರದಲ್ಲಿ ಬಿಜೆಪಿಯ ಪ್ರತಾಪ್ ಸಿಂಹ ಅವರು ಕಾಂಗ್ರೆಸ್‌ನ ಎಚ್. ವಿಶ್ವನಾಥ್ ಅವರನ್ನು ಸೋಲಿಸಿದ ಅಂತರ 31,608. ಜೆಡಿಎಸ್‌ಗೆ ಬಿದ್ದದ್ದು ಸುಮಾರು 1.38 ಲಕ್ಷ. "ಜೆಡಿಎಸ್ ಇಲ್ಲದಿದ್ದರೆ ಕಾಂಗ್ರೆಸ್ಸೇ" ಎಂದು ಐದು ವರ್ಷ ಎಲ್ಲರೂ ಹೇಳಿದರು. 2019ರಲ್ಲಿ ಮೈತ್ರಿಯೂ ಆಯಿತು, ಜೆಡಿಎಸ್ ನಿಲ್ಲಲಿಲ್ಲ, ಕಾಂಗ್ರೆಸ್‌ನ ವಿಜಯಶಂಕರ್ ಒಬ್ಬರೇ ಮುಖ್ಯ ಎದುರಾಳಿ. ಅಂತರ 1,38,647ಕ್ಕೆ ಏರಿತು! ದೇಶದ ಗಾಳಿ ಒಂದು ಕಾರಣ, ಸರಿ. ಆದರೆ ಮೂರನೆಯ ಪಕ್ಷದ ಮತವನ್ನು ಕಾಫಿ ಮೂಟೆಯ ಹಾಗೆ ಈ ಗೋದಾಮಿನಿಂದ ಆ ಗೋದಾಮಿಗೆ ಸಾಗಿಸಲು ಆಗುವುದಿಲ್ಲ ಎಂಬುದು ಅಲ್ಲಿ ಗೊತ್ತಾಯಿತು.

ಸಂಪಾಜೆ ತಿರುವು

ಆದರೂ ಒಡೆಯುವುದೇ ಇಲ್ಲ ಎನ್ನಬೇಡಿ. ಅಮೆರಿಕದಲ್ಲಿ 2000ದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲಾರಿಡಾದ ಅಂತರ 537 ಮತ. ಗ್ರೀನ್ ಪಕ್ಷದ ರಾಲ್ಫ್ ನೇಡರ್‌ಗೆ ಅಲ್ಲಿ ಬಿದ್ದದ್ದು 97,488. ಕರಿಮೆಣಸು ಸೂತ್ರ ಹಾಕಿದರೆ ನೂರಕ್ಕೆ 51ರಷ್ಟು ವಾಲಿದ್ದರೂ ಸಾಕಿತ್ತು. ಅಂತರ ಕಿರಿದಾದಷ್ಟೂ ಮೂರನೆಯವನ ತೂಕ ಹೆಚ್ಚು.

ನಮ್ಮಲ್ಲೂ ಇದೆ: 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. 2023ರ ಜಯನಗರದಲ್ಲಿ 16. ಇಂಥ ಕಡೆ ಮೂರನೆಯವನಷ್ಟೇ ಅಲ್ಲ, ಬೂತಿನ ಹತ್ತಿರ ಪಂಕ್ಚರ್ ಆದ ಜೀಪೂ ಫಲಿತಾಂಶ ಬದಲಿಸುತ್ತದೆ.

ತಕ್ಕಡಿ 52

"ಮೂರನೆಯವರು" ಎಂದರೆ ಯಾರು ಎಂಬುದನ್ನೇ ಮೊದಲು ಇತ್ಯರ್ಥ ಮಾಡಿಕೊಳ್ಳಿ. 2018ರ ಮಡಿಕೇರಿಯಲ್ಲಿ ಬಿಜೆಪಿಗೆ 70 ಸಾವಿರ ಮೀರಿ, ಜೆಡಿಎಸ್‌ನ ಜೀವಿಜಯ ಅವರಿಗೆ 54 ಸಾವಿರ ಮೀರಿ, ಕಾಂಗ್ರೆಸ್‌ಗೆ 38 ಸಾವಿರ ಮೀರಿ ಬಿತ್ತು. ಆವತ್ತು "ದಂಡದ ಓಟು" ಹಾಕಿದವರು ಕಾಂಗ್ರೆಸ್ಸಿನವರು! ಐದು ವರ್ಷ ಕಳೆದು ಅದೇ ಪಕ್ಷ ಅದೇ ಕ್ಷೇತ್ರ ಗೆದ್ದಿತು. ರಾಜ್ಯದಲ್ಲಿ ಎರಡು ದೊಡ್ಡ ಪಕ್ಷ ಯಾವುವು ಎನ್ನುವುದಲ್ಲ, ನಿಮ್ಮ ಕ್ಷೇತ್ರದಲ್ಲಿ ಮೊದಲ ಇಬ್ಬರು ಯಾರು ಎನ್ನುವುದು ಪ್ರಶ್ನೆ.

ಇನ್ನೊಂದು ವಿಷಯ ಯಾರೂ ಎತ್ತುವುದಿಲ್ಲ: ಕ್ಷೇತ್ರದ ಗಾತ್ರ. 1952ರಲ್ಲಿ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ವಿಧಾನಸಭೆಗೆ 24 ಸದಸ್ಯರು. ಸಿ.ಎಂ. ಪೂಣಚ್ಚ ಅವರ ಕಾಂಗ್ರೆಸ್‌ಗೆ 15, ಮೈಸೂರಿನೊಂದಿಗೆ ವಿಲೀನ ಬೇಡ ಎಂದ ಪಂದ್ಯಂಡ ಬೆಳ್ಳಿಯಪ್ಪನವರ ತಕ್ಕಡಿ ಗುಂಪಿಗೆ 9. ದೇಶವೆಲ್ಲ ಕಾಂಗ್ರೆಸ್ ಎನ್ನುತ್ತಿದ್ದ ಕಾಲದಲ್ಲಿ ಊರಿನ ಪ್ರಶ್ನೆಯೊಂದನ್ನೇ ಹಿಡಿದು ನಿಂತವರಿಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸ್ಥಾನ. ಕ್ಷೇತ್ರ ಸಣ್ಣದಿತ್ತು, ಒಂದು ನಾಡಿನ ಜನ ಒಟ್ಟಾದರೆ ಸಾಕಿತ್ತು. ರಾಜ್ಯ ಹೋದಮೇಲೆ ಸಂಖ್ಯೆ ಇಳಿಯಿತು; 2008ರ ಮರುವಿಂಗಡಣೆಗೆ ಮೊದಲು ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂದು ಮೂರಿತ್ತು, ಈಗ ಎರಡು. ಲೋಕಸಭೆಯಲ್ಲಂತೂ ಮೊದಲು ಮಂಗಳೂರಿಗೆ ಅಂಟಿಕೊಂಡಿದ್ದೆವು, ಈಗ ಮೈಸೂರಿಗೆ. ಎಂಟು ವಿಧಾನಸಭಾ ಕ್ಷೇತ್ರದಲ್ಲಿ ನಮ್ಮವು ಎರಡು. ಕೊಡಗಿನ ವಿಷಯ ಮಾತ್ರ ಹಿಡಿದ ಪಕ್ಷ ಅಲ್ಲಿ ಜಿಲ್ಲೆಯ ಮತವನ್ನೆಲ್ಲ ಬಾಚಿದರೂ ಗೆಲ್ಲುವುದು ಕಷ್ಟ.

ಬೂತ್ ನಂಬರ್ 114

ಪಕ್ಷೇತರರ ನಾಮಪತ್ರದ ವಿಷಯಕ್ಕೆ ಬರುತ್ತೇನೆ. ಹೆಚ್ಚಿನವರು ಬೀಳುವುದು ಚುನಾವಣೆಯಲ್ಲಲ್ಲ, ಪರಿಶೀಲನೆಯ ದಿನ.

ಅಧಿಸೂಚನೆ ಹೊರಟ ಏಳನೇ ದಿನ ನಾಮಪತ್ರಕ್ಕೆ ಕೊನೆ, ಮರುದಿನ ಪರಿಶೀಲನೆ, ಅದಾಗಿ ಎರಡನೇ ದಿನ ವಾಪಸಾತಿಗೆ ಕೊನೆ. ರಜೆ ಬಿದ್ದರೆ ದಿನ ಮುಂದೆ ಹೋಗುತ್ತದೆ. ಸಲ್ಲಿಸುವ ಹೊತ್ತು ಬೆಳಿಗ್ಗೆ 11ರಿಂದ ಮಧ್ಯಾಹ್ನ 3. ವಿಧಾನಸಭೆಗೆ ನಮೂನೆ 2ಬಿ, ಲೋಕಸಭೆಗೆ 2ಎ.

ಮಾನ್ಯತೆ ಇರುವ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ (ಹೆಸರು ಸೂಚಿಸಿ ಸಹಿ ಹಾಕುವವನು) ಸಾಕು. ಪಕ್ಷೇತರನಿಗೆ, ಬರೀ ನೋಂದಣಿ ಮಾತ್ರ ಇರುವ ಪಕ್ಷದವನಿಗೆ ಹತ್ತು ಮಂದಿ ಬೇಕು, ಹತ್ತೂ ಮಂದಿ ಅದೇ ಕ್ಷೇತ್ರದ ಮತದಾರರಾಗಿರಬೇಕು. ಇಲ್ಲೇ ನಮ್ಮ ಜಿಲ್ಲೆಯ ಸಮಸ್ಯೆ: ಮನೆ ಒಂದು ಕಡೆ, ತೋಟ ಇನ್ನೊಂದು ಕಡೆ, ಹೆಸರು ಇರುವುದು ಮೂರನೆಯ ಕಡೆ. ವಿರಾಜಪೇಟೆ ಕ್ಷೇತ್ರದ ಪಟ್ಟಿಯಲ್ಲಿರುವ ಬಂಧು ಮಡಿಕೇರಿ ಅಭ್ಯರ್ಥಿಗೆ ಸಹಿ ಹಾಕಿದರೆ ಲೆಕ್ಕಕ್ಕಿಲ್ಲ. ಒಂಬತ್ತೇ ಸೂಚಕರಾದರು, ನಾಮಪತ್ರ ತಿರಸ್ಕೃತ. ಹಳೆಯ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದು ಸಿಕ್ಕಿಬೀಳುವವರೂ ಇದ್ದಾರೆ. ಪ್ರಕಟವಾದ ಅಂತಿಮ ಪಟ್ಟಿ ಎದುರಿಗಿಟ್ಟುಕೊಂಡೇ ಬರೆಯಿರಿ.

ಸಹಿ ಬಾರದ ಸೂಚಕರಿದ್ದರೆ ಮನೆಯಲ್ಲಿ ಹೆಬ್ಬೆಟ್ಟು ಒತ್ತಿಸಿ ತರಬೇಡಿ. ಚುನಾವಣಾಧಿಕಾರಿಯ ಅಥವಾ ಅಧಿಕಾರ ಪಡೆದ ಅಧಿಕಾರಿಯ ಎದುರೇ ಒತ್ತಬೇಕು. ಹಾಡಿಯ (ಬುಡಕಟ್ಟು ಜನರ ಊರಿನ) ಹಿರಿಯರನ್ನು ಸೂಚಕರನ್ನಾಗಿ ಮಾಡಿಕೊಂಡವರು ಇದನ್ನು ಮರೆತರೆ ಹತ್ತರಲ್ಲಿ ಮೂರು ನಾಲ್ಕು ಹೆಸರು ಒಂದೇ ಏಟಿಗೆ ಹೋಗುತ್ತವೆ.

ಆಸ್ತಿ, ಮೊಕದ್ದಮೆಗಳ ವಿವರ ಕೊಡುವ ನಮೂನೆ 26ರ ಅಫಿಡವಿಟ್‌ನಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡಬಾರದು, ಗೆರೆ ಎಳೆದರೂ ಸಾಲದು. ಇಲ್ಲದಿದ್ದರೆ "ಇಲ್ಲ", ಅನ್ವಯಿಸದಿದ್ದರೆ "ಅನ್ವಯಿಸುವುದಿಲ್ಲ" ಎಂದೇ ಬರೆಯಬೇಕು. ನಮ್ಮಲ್ಲಿ ಜಮ್ಮಾ ಬಾಣೆ (ವಂಶಪಾರಂಪರ್ಯವಾಗಿ ಬಂದ ಜಮೀನು) ಒಕ್ಕದ, ಅಂದರೆ ಇಡೀ ಮನೆತನದ, ಹೆಸರಿನಲ್ಲಿ ಜಂಟಿಯಾಗಿರುತ್ತದೆ. ಅದನ್ನು "ನನ್ನದಲ್ಲ" ಎಂದು ಬಿಡುವುದು ಅಪಾಯ. ಪಾಲು ಇದ್ದರೆ ಪಾಲಿನ ವಿವರ ಕೊಡಿ.

ಇಡುಗಂಟು (ಠೇವಣಿ) ವಿಧಾನಸಭೆಗೆ 10,000, ಲೋಕಸಭೆಗೆ 25,000. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ನಗದು ಅಥವಾ ಖಜಾನೆ ಚಲನ್, ಚೆಕ್ ನಡೆಯುವುದಿಲ್ಲ. ನಾಲ್ಕು ಪ್ರತಿ ನಾಮಪತ್ರ ಹಾಕಬಹುದು, ಇಡುಗಂಟು ಒಂದೇ ಸಲ. ಎರಡನೆಯ ಪ್ರತಿಗೆ ಬೇರೆ ಹತ್ತು ಸೂಚಕರನ್ನು ಹಿಡಿಯಿರಿ. ಒಂದು ಬಿದ್ದರೂ ಇನ್ನೊಂದು ಉಳಿಯುತ್ತದೆ. ಚುನಾವಣಾ ಖರ್ಚಿಗೇ ಬೇರೆ ಬ್ಯಾಂಕ್ ಖಾತೆ, ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ತೆರೆದಿರಬೇಕು. ಪ್ರಮಾಣವಚನವನ್ನು ಪರಿಶೀಲನೆಯ ದಿನ ಮಾಡುತ್ತೇನೆ ಎಂದರೆ ಆಗದು, ಹಿಂದಿನ ದಿನವೇ ಮುಗಿದಿರಬೇಕು.

ಏಲಕ್ಕಿ ಮಲೆ

114 ಅವರೇ, ಚಿಹ್ನೆಯ ವಿಷಯ ಬಿಟ್ಟಿರಿ. ಪಕ್ಷೇತರನಿಗೆ ಚಿಹ್ನೆ ಸಿಗುವುದು ವಾಪಸಾತಿ ಮುಗಿದ ಮೇಲೆ, ಅಲ್ಲಿಂದ ಮತದಾನಕ್ಕೆ ಸಾಮಾನ್ಯವಾಗಿ ಎರಡು ವಾರದ ಆಸುಪಾಸು. ಕೈಯೋ ಕಮಲವೋ ಹುಟ್ಟಿದಾಗಿನಿಂದ ಕಂಡ ಚಿತ್ರ. ನಿಮ್ಮ ಪ್ರೆಷರ್ ಕುಕ್ಕರನ್ನು ಕರಿಕೆಯಿಂದ ಕುಟ್ಟದವರೆಗೆ ಹದಿನಾಲ್ಕು ದಿನದಲ್ಲಿ ಪರಿಚಯ ಮಾಡಿಸಬೇಕು. ಆದ್ದರಿಂದ ಕರಪತ್ರವನ್ನು ಚಿಹ್ನೆಯ ಜಾಗ ಖಾಲಿ ಬಿಟ್ಟು ಮೊದಲೇ ಜೋಡಿಸಿಟ್ಟುಕೊಳ್ಳಬೇಕು, ಮುದ್ರಕರ ಹೆಸರು ವಿಳಾಸ ಹಾಕುವುದನ್ನು ಮರೆಯದೆ.

ಮತಯಂತ್ರದಲ್ಲಿ ಕೂಡ ಸರದಿ ಹೀಗೆ: ಮೊದಲು ಮಾನ್ಯತೆ ಪಡೆದ ಪಕ್ಷದವರು, ನಂತರ ನೋಂದಾಯಿತ ಪಕ್ಷದವರು, ಕೊನೆಗೆ ಪಕ್ಷೇತರರು, ಎಲ್ಲದರ ಕೆಳಗೆ ನೋಟಾ. ಪ್ರತಿ ಗುಂಪಿನೊಳಗೆ ಕನ್ನಡ ಅಕ್ಷರಮಾಲೆಯ ಕ್ರಮ. ಒಂದು ಯೂನಿಟ್‌ಗೆ 16 ಗುಂಡಿ, ಅಭ್ಯರ್ಥಿಗಳು 15 ದಾಟಿದರೆ ಎರಡನೇ ಯೂನಿಟ್ ಬರುತ್ತದೆ, ಆಗ ಕೊನೆಯ ಪಕ್ಷೇತರರು ಪಕ್ಕದ ಪೆಟ್ಟಿಗೆಗೆ ಜಾರುತ್ತಾರೆ. "ಎರಡನೇ ಪೆಟ್ಟಿಗೆ, ಮೇಲಿನಿಂದ ಮೂರನೆಯದು" ಎಂದು ಹೇಳಿಕೊಡದಿದ್ದರೆ ನಿಮ್ಮ ಮತದಾರ ಮೊದಲ ಪೆಟ್ಟಿಗೆಯ ಮೂರನೆಯವನಿಗೆ ಒತ್ತಿ ಬರುತ್ತಾನೆ. ವಿವಿಪ್ಯಾಟ್ ಚೀಟಿ ಏಳು ಸೆಕೆಂಡ್ ಕಾಣುತ್ತದೆ, ನೋಡಿಕೊಳ್ಳಲು ಹೇಳಿ.

ಬೂತ್ ನಂಬರ್ 114

ಸರಿ ಹೇಳಿದಿರಿ ಅಕ್ಕ. ಇನ್ನೊಂದು ಕಷ್ಟ ಏಜೆಂಟರದು. ಒಂದೊಂದು ಕ್ಷೇತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಮತಗಟ್ಟೆ. ಪ್ರತಿಯೊಂದಕ್ಕೂ ನಮೂನೆ 10ರಲ್ಲಿ ಒಬ್ಬ ಏಜೆಂಟ್, ಬದಲಿ ಸೇರಿದರೆ ಇನ್ನೂ ಹೆಚ್ಚು. ಎಲ್ಲ ಕಡೆ ಕೂರಿಸಲು ಆಗದಿದ್ದರೆ ನಿಮ್ಮ ಬಲ ಇರುವ ಐವತ್ತು ಬೂತ್ ಆರಿಸಿಕೊಳ್ಳಿ. ಬೆಳಿಗ್ಗೆ ಅಣಕು ಮತದಾನದ ಹೊತ್ತಿಗೇ ಹಾಜರಿರಬೇಕು, ಸಂಜೆ, ಬೂತಿನಲ್ಲಿ ಎಷ್ಟು ಮತ ಬಿತ್ತು ಎಂದು ಬರೆದ 17ಸಿ ನಮೂನೆಯ ಪ್ರತಿ ಪಡೆಯದೆ ಏಳಬಾರದು. ಎಣಿಕೆಯ ದಿನ ಅದೊಂದೇ ನಿಮ್ಮ ಕೈಯಲ್ಲಿರುವ ದಾಖಲೆ.

ಖರ್ಚಿನ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಸಣ್ಣ ಅಭ್ಯರ್ಥಿಗೆ ಮಿತಿ ದಾಟುವ ಭಯವಿಲ್ಲ, ಲೆಕ್ಕ ಕೊಡದೇ ಇರುವ ಅಪಾಯ ಇದೆ. ಸೋತಮೇಲೆ ಬೇಸರದಲ್ಲಿ ಪುಸ್ತಕ ಎಸೆದುಬಿಡುತ್ತಾರೆ. ಫಲಿತಾಂಶದಿಂದ 30 ದಿನದೊಳಗೆ ಲೆಕ್ಕ ಸಲ್ಲಿಸದಿದ್ದರೆ ಮೂರು ವರ್ಷದವರೆಗೆ ಅನರ್ಹತೆ ಬರಬಹುದು, ಮುಂದಿನ ಸಲ ನಿಲ್ಲುವ ದಾರಿಯೇ ಮುಚ್ಚೀತು.

ಲೈನ್‌ಮನೆ

ಏಜೆಂಟ್, ಚಿಹ್ನೆ ಎಲ್ಲ ಸರಿ. ತೋಟದ ಲೈನ್‌ಮನೆಯಲ್ಲಿರುವ (ಸಾಲುಮನೆಯ) ಕಾರ್ಮಿಕರ ಹೆಸರು ಪಟ್ಟಿಯಲ್ಲಿದೆಯೇ ಎಂದು ಎಷ್ಟು ಅಭ್ಯರ್ಥಿಗಳು ನೋಡುತ್ತಾರೆ? ಒಂದು ತೋಟದಿಂದ ಇನ್ನೊಂದಕ್ಕೆ ಹೋದವರು ನಮೂನೆ 8 ಕೊಡಬೇಕು, ಹೊಸಬರು ನಮೂನೆ 6. ವಯಸ್ಸಿನ ಅರ್ಹತೆಗೆ ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಎಂದು ವರ್ಷಕ್ಕೆ ನಾಲ್ಕು ದಿನಾಂಕ. ನಾಮಪತ್ರದ ಗಡಿಬಿಡಿಯಲ್ಲಿ ಓಡಾಡಿ ಪ್ರಯೋಜನವಿಲ್ಲ; ಕೊಯ್ಲು ಮುಗಿದು ಕೆಲಸ ಕಡಿಮೆ ಇರುವಾಗಲೇ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಅವರನ್ನು ಲೈನಿಗೆ ಕರೆತರಬೇಕು.

ಮತದಾನದ ದಿನ ಕೂಲಿ ಸಹಿತ ರಜೆ ಎನ್ನುವುದು ದಿನಗೂಲಿಯವರಿಗೂ ಅನ್ವಯ, ಪ್ರಜಾಪ್ರಾತಿನಿಧ್ಯ ಕಾಯ್ದೆಯ 135ಬಿ ವಿಧಿ. ಸಣ್ಣ ಪಕ್ಷದವರು ಘೋಷಣೆ ಕೂಗುವುದಕ್ಕಿಂತ ಈ ಎರಡು ಸಾಲನ್ನು ಕನ್ನಡ, ತಮಿಳು, ಮಲಯಾಳದಲ್ಲಿ ಅಚ್ಚು ಹಾಕಿ ಹಂಚಿದರೆ ಹೆಚ್ಚು ಕೆಲಸ ಆದೀತು.

ಕಿತ್ತಳೆ ಸಿಪ್ಪೆ

ಇಬ್ಬರೂ ಬೇಡ, ಮೂರನೆಯವನೂ ಹಿಡಿಸಲಿಲ್ಲ ಎನ್ನುವವರು ನೋಟಾ ಒತ್ತುತ್ತಾರಲ್ಲ, ಅದು ಇಡುಗಂಟು ಕಳೆಯಲು ಉಪಯೋಗ ಆಗುತ್ತದೆಯೇ?

ಕರಿಮೆಣಸು

ಇಲ್ಲ. ಇಡುಗಂಟು ಉಳಿಯಬೇಕಾದರೆ ಸಿಂಧು ಮತದ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು, ಆ ಲೆಕ್ಕದಲ್ಲಿ ನೋಟಾ ಸೇರುವುದಿಲ್ಲ. 2023ರ ಮಡಿಕೇರಿಯಲ್ಲಿ ಮೊದಲ ಇಬ್ಬರದೇ ಸೇರಿ 1,65,356; ಅದರ ಆರನೇ ಭಾಗವೇ 27,559. ಮಿಕ್ಕವರದ್ದೂ ಕೂಡಿಸಿದರೆ ಗೆರೆ ಇನ್ನೂ ಮೇಲೆ. ಹಾಗಾಗಿ "ಇಡುಗಂಟು ಹೋಯಿತು" ಎಂದು ನಗುವುದರಲ್ಲಿ ಅರ್ಥವಿಲ್ಲ. ಇಬ್ಬರ ನೇರ ಪೈಪೋಟಿಯಲ್ಲಿ 20,000 ತೆಗೆದ ಒಳ್ಳೆಯ ಅಭ್ಯರ್ಥಿಯದ್ದೂ ಹೋಗುತ್ತದೆ.

ನೋಟಾ ಬಂದದ್ದು 2013ರ ಸೆಪ್ಟೆಂಬರ್ 27ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಅಲ್ಲಿಯವರೆಗೆ ಯಾರಿಗೂ ಹಾಕದವನು ಅಧಿಕಾರಿಗೆ ಹೇಳಿ ರಿಜಿಸ್ಟರಿನಲ್ಲಿ ಷರಾ ಬರೆಸಬೇಕಿತ್ತು, ಗುಟ್ಟು ಉಳಿಯುತ್ತಿರಲಿಲ್ಲ. ಗುಟ್ಟು ಉಳಿಸುವುದಷ್ಟೇ ಅದರ ಕೆಲಸ. ವಿಧಾನಸಭೆಯಲ್ಲಿ ನೋಟಾಗೆ ಎಲ್ಲರಿಗಿಂತ ಹೆಚ್ಚು ಬಿದ್ದರೂ ನಂತರದ ಅಭ್ಯರ್ಥಿ ಗೆದ್ದಂತೆಯೇ. ಮೂರನೆಯವನಿಗೆ ಹಾಕಿದ ಮತ ಕನಿಷ್ಠ ಒಂದು ಹೆಸರಿಗೆ, ಒಂದು ಬೇಡಿಕೆಗೆ ಸೇರುತ್ತದೆ, ಪಕ್ಷದ ಮಾನ್ಯತೆಯ ಲೆಕ್ಕಕ್ಕೂ ಬರುತ್ತದೆ: ರಾಜ್ಯದಲ್ಲಿ ಶೇ. 6 ಮತ ಮತ್ತು ಇಬ್ಬರು ಶಾಸಕರು, ಅಥವಾ ಒಬ್ಬರೂ ಗೆಲ್ಲದಿದ್ದರೂ ಶೇ. 8 ಮತ ಬಂದರೆ ರಾಜ್ಯ ಪಕ್ಷ. ಮಾನ್ಯತೆ ಸಿಕ್ಕಿದರೆ ಖಾಯಂ ಚಿಹ್ನೆ, ಒಬ್ಬನೇ ಸೂಚಕ, ಯಂತ್ರದಲ್ಲಿ ಮೇಲಿನ ಸಾಲು. 114 ಮತ್ತು ಏಲಕ್ಕಿ ಹೇಳಿದ ತೊಂದರೆಗಳಲ್ಲಿ ಅರ್ಧ ಅಲ್ಲಿಗೆ ಮುಗಿಯುತ್ತವೆ.

ಸಂಪಾಜೆ ತಿರುವು

ಗೆದ್ದಮೇಲೆ? 2018ರಲ್ಲಿ ರಾಣೆಬೆನ್ನೂರಿನಿಂದ ಆರ್. ಶಂಕರ್ ಸಣ್ಣ ಪಕ್ಷದಿಂದ ಗೆದ್ದರು, ಆ ಪಕ್ಷವನ್ನು ಕಾಂಗ್ರೆಸ್‌ನಲ್ಲಿ ವಿಲೀನ ಮಾಡಿದರು, 2019ರಲ್ಲಿ ಸ್ಪೀಕರ್ ಅವರನ್ನು ಅನರ್ಹಗೊಳಿಸಿದರು. ಮೂರನೆಯವನಿಗೆ ಎಂದು ಹಾಕಿದ ಮತ ಯಾವ ಕಡೆಗೆ ಹೋಯಿತು ಎಂದು ಆ ಕ್ಷೇತ್ರದವರೇ ಹೇಳಬೇಕು.

ತಕ್ಕಡಿ 52

ಪಕ್ಷೇತರ ಶಾಸಕ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಡಬಹುದು, ಮಂತ್ರಿಯೂ ಆಗಬಹುದು. ಆದರೆ ಪಕ್ಷವೊಂದಕ್ಕೆ ಸೇರಿದರೆ ಸಂವಿಧಾನದ ಹತ್ತನೇ ಅನುಸೂಚಿಯಂತೆ (ಪಕ್ಷಾಂತರ ನಿಷೇಧ) ಸ್ಥಾನ ಹೋಗುತ್ತದೆ. ಈ ಪ್ರಶ್ನೆಯನ್ನು ಅಭ್ಯರ್ಥಿ ಮನೆಗೆ ಬಂದಾಗಲೇ ಕೇಳಬೇಕು.

ಗೆದ್ದ ಪಕ್ಷೇತರರನ್ನು ನೋಡಿದರೂ ಒಂದು ಸಂಗತಿ ಕಾಣುತ್ತದೆ. 2019ರ ಮಂಡ್ಯದಲ್ಲಿ ಸುಮಲತಾ ಪಕ್ಷೇತರರಾಗಿ ಗೆದ್ದಾಗ ಬಿಜೆಪಿ ಅಭ್ಯರ್ಥಿ ಹಾಕಲಿಲ್ಲ. 2023ರ ಮೇಲುಕೋಟೆಯಲ್ಲಿ ಸರ್ವೋದಯ ಕರ್ನಾಟಕದ ದರ್ಶನ್ ಪುಟ್ಟಣ್ಣಯ್ಯಗೆ ಕಾಂಗ್ರೆಸ್ ಬೆಂಬಲ. ಅಂದರೆ ಮೂರನೆಯವನು ಗೆಲ್ಲುವುದು ಮೂರನೆಯವನಾಗಿ ಉಳಿದಲ್ಲ, ಇಬ್ಬರಲ್ಲಿ ಒಬ್ಬರು ಜಾಗ ಬಿಟ್ಟುಕೊಟ್ಟಾಗ. ಮೇಲುಕೋಟೆಯ ಹಿಂದೆ ರೈತ ಸಂಘದ ದಶಕಗಳ ಕೆಲಸವಿದೆ, ಅದನ್ನು ಮಾತ್ರ ಯಾರೂ ಬಿಟ್ಟುಕೊಟ್ಟದ್ದಲ್ಲ.

ಬ್ರಹ್ಮಗಿರಿ ಮಂಜು

ನಿಮ್ಮ ಕ್ಷೇತ್ರದಲ್ಲಿ ಅಂಥ ನೆಲೆ ಇದೆಯೇ ಎಂದು ನೋಡಲು ಬೂತ್‌ವಾರು ಫಲಿತಾಂಶದ ನಮೂನೆ 20 ತೆರೆಯಿರಿ, ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿದೆ. ಒಂದೊಂದು ಸಾಲು ಒಂದು ಮತಗಟ್ಟೆ, ಒಂದೊಂದು ಕಾಲಂ ಒಬ್ಬ ಅಭ್ಯರ್ಥಿ. ಜೊತೆಗೆ ಮತಗಟ್ಟೆಗಳ ಪಟ್ಟಿ ಇಟ್ಟುಕೊಳ್ಳಿ, ಇಲ್ಲವಾದರೆ ಸಂಖ್ಯೆ ಯಾವ ಶಾಲೆಯದು ಎಂದು ತಿಳಿಯುವುದಿಲ್ಲ. ಎರಡು ಚುನಾವಣೆ ಹೋಲಿಸುವಾಗ ಸಂಖ್ಯೆಯನ್ನು ನಂಬಬೇಡಿ. ಮತದಾರರು ಹೆಚ್ಚಾದಾಗ ಬೂತ್ ಒಡೆಯುತ್ತಾರೆ, ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ. ಶಾಲೆಯ ಹೆಸರಿನಿಂದ ಹೊಂದಿಸಿ. ಅಂಚೆ ಮತ ಕೊನೆಯಲ್ಲಿ ಬೇರೆ ಸಾಲು, ಅದನ್ನು ಯಾವ ಊರಿಗೂ ಸೇರಿಸಬೇಡಿ.

ಒಟ್ಟು ಮತ ಎಲ್ಲ ಬೂತಿನಲ್ಲೂ ಹತ್ತು ಹನ್ನೆರಡರಂತೆ ಚದುರಿದ್ದರೆ ಅದು ಸಿಟ್ಟಿನ ಮತ. ಅಕ್ಕಪಕ್ಕದ ಎಂಟು ಹತ್ತು ಬೂತಿನಲ್ಲಿ ನೂರಕ್ಕೆ 20 ದಾಟಿದ್ದರೆ ಅಲ್ಲಿ ಸಂಘಟನೆ ಇದೆ. ಅಂಥ ಕಡೆ ಗ್ರಾಮ ಪಂಚಾಯಿತಿ ಗೆಲ್ಲಬಹುದು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯೇ ಇಲ್ಲ. "ಬೆಂಬಲಿತ" ಎಂಬ ಮಾತು ಬರೀ ಪತ್ರಿಕೆಯ ಲೆಕ್ಕ. ಎಣಿಕೆ ಮುಗಿದ ಸಂಜೆ ಎರಡೂ ಪಕ್ಷದವರು ಹೇಳುವ ಸಂಖ್ಯೆ ಕೂಡಿಸಿದರೆ ಒಟ್ಟು ಸ್ಥಾನಕ್ಕಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ. ವಾರ್ಡಿನಲ್ಲಿ ಮೂರು ಸ್ಥಾನ ಇದ್ದರೆ ನಿಮಗೆ ಮೂರು ಮತ. ಮೂರೂ ಹಾಕಲೇಬೇಕೆಂದಿಲ್ಲ, ಒಬ್ಬರಿಗೆ ಒಂದೇ ಹಾಕಿ ಉಳಿದದ್ದು ಬಿಡಬಹುದು. ನಿಮ್ಮ ಅಭ್ಯರ್ಥಿ ಗೆಲುವಿನ ಗಡಿಯಲ್ಲಿದ್ದಾಗ ಹೀಗೆ ಬಿಡುವುದೇ ಜಾಣತನ, ಏಕೆಂದರೆ ಉಳಿದೆರಡು ಮತ ಅವನ ಎದುರಾಳಿಗೇ ಮೆಟ್ಟಿಲಾಗಬಹುದು. ನಾಲ್ಕನೇ ಮುದ್ರೆ ಒತ್ತಿದರೆ ಮತಪತ್ರವೇ ಕುಲಗೆಡುತ್ತದೆ.

ಏಲಕ್ಕಿ ಮಲೆ

ಮತ ದಂಡವಾಗದ ಇನ್ನೊಂದು ಚುನಾವಣೆ ನಮ್ಮಲ್ಲೇ ಇದೆ: ವಿಧಾನ ಪರಿಷತ್ತಿನ ನೈರುತ್ಯ ಪದವೀಧರ ಕ್ಷೇತ್ರ. 2024ರ ಜೂನ್‌ನಲ್ಲಿ ಬಿಜೆಪಿಯಿಂದ ಬಂಡಾಯವೆದ್ದ ರಘುಪತಿ ಭಟ್ ಪಕ್ಷೇತರರಾಗಿ ನಿಂತರು, ಬಿಜೆಪಿಯ ಧನಂಜಯ ಸರ್ಜಿ ಗೆದ್ದರು. ಇಲ್ಲಿ ಪ್ರಾಶಸ್ತ್ಯದ ಮತ. ಪಕ್ಷೇತರನಿಗೆ 1 ಬರೆದು, ಎರಡು ದೊಡ್ಡ ಪಕ್ಷಗಳಲ್ಲಿ ವಾಸಿ ಎನಿಸಿದವರಿಗೆ 2 ಬರೆಯಬಹುದು. ಚಲಾವಣೆಯಾದ ಸಿಂಧು ಮತದ ಅರ್ಧಕ್ಕೆ ಒಂದು ಕೂಡಿಸಿದಷ್ಟು ಯಾರಿಗೂ ಬರದಿದ್ದರೆ ಕಡಿಮೆ ಬಂದವನನ್ನು ತೆಗೆದು, ಅವನ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯಕ್ಕೆ ಹಂಚುತ್ತಾರೆ. ನಿಮ್ಮ ಪಕ್ಷೇತರ ಹೊರಬಿದ್ದರೂ ಮತ ಬದುಕಿರುತ್ತದೆ.

ತಪ್ಪು ಎಲ್ಲಿ ಆಗುತ್ತದೆ ಎಂದರೆ: 1 ಬರೆಯದೆ ಟಿಕ್ ಹಾಕುವುದು, ಇಬ್ಬರ ಮುಂದೆ 1, ಅಕ್ಷರದಲ್ಲಿ "ಒಂದು" ಎಂದು ಬರೆಯುವುದು, ಸ್ವಂತ ಪೆನ್ ಬಳಸುವುದು. ಅಲ್ಲಿ ಕೊಡುವ ನೇರಳೆ ಸ್ಕೆಚ್ ಪೆನ್ನಿನಲ್ಲೇ ಬರೆಯಬೇಕು. ಕನ್ನಡ ಅಂಕಿ ನಡೆಯುತ್ತದೆ. ಪದವೀಧರರ ಚುನಾವಣೆಯಲ್ಲೇ ಇಷ್ಟು ಮತ ಕುಲಗೆಡುವುದು ಒಂದು ತಮಾಷೆ.

ಹಾರಂಗಿ ಬಲದಂಡೆ

ಸಾಮಾನ್ಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಅದಕ್ಕೂ ಸಾಕೇ?

ಏಲಕ್ಕಿ ಮಲೆ

ಸಾಲದು. ಆ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ, ಕಳೆದ ಸಲ ಇದ್ದ ಹೆಸರು ತಾನಾಗಿ ಮುಂದುವರಿಯುವುದಿಲ್ಲ. ಪದವೀಧರರಿಗೆ ನಮೂನೆ 18, ಶಿಕ್ಷಕರಿಗೆ 19. ಅರ್ಹತೆಯ ದಿನಾಂಕ ನವೆಂಬರ್ 1, ಅದಕ್ಕೆ ಮೂರು ವರ್ಷ ಮೊದಲೇ ಪದವಿ ಮುಗಿದಿರಬೇಕು. ಪದವಿ ಪ್ರಮಾಣಪತ್ರದ ದೃಢೀಕರಿಸಿದ ನಕಲು ಜೊತೆಗಿಡಿ. ಸದಸ್ಯರ ಅವಧಿ ಆರು ವರ್ಷ, 2024ರಲ್ಲಿ ಆದದ್ದರಿಂದ ಮುಂದಿನದು 2030. ಅರ್ಜಿ ಕರೆಯುವುದು ಅದರ ಹಿಂದಿನ ವರ್ಷದ ಅಕ್ಟೋಬರ್ ಹೊತ್ತಿಗೆ. ಕಾಫಿ ಹಣ್ಣಾಗುವ ಕಾಲ, ಆದ್ದರಿಂದಲೇ ನಮ್ಮ ಕಡೆಯವರಿಗೆ ಮರೆತುಹೋಗುತ್ತದೆ.